24 ಗಂಟೆಯ ಗಡುವು: ಮಂಡ್ಯದ ಬೆಲ್ಲದ ವ್ಯಾಪಾರಿಗೆ ಬಂದ ‘ವಕೀಲರ’ ಇಮೇಲ್

ಈ ಪ್ರಕರಣವು ಮಂಡ್ಯ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಆಲೆಮನೆ ನಡೆಸುತ್ತ, ಅಚ್ಚುಬೆಲ್ಲವನ್ನೂ ಪುಡಿಬೆಲ್ಲವನ್ನೂ 9 ವರ್ಷಗಳಿಂದ ತಮ್ಮದೇ ಹೆಸರಿನ ಪೊಟ್ಟಣಗಳಲ್ಲಿ ಮಾರಿಕೊಂಡು ಬಂದಿರುವ ವ್ಯಾಪಾರಿಯೊಬ್ಬರದು. ಅವರ ಲೆಕ್ಕಪತ್ರ ಮತ್ತು ಜಿಎಸ್‌ಟಿ ಕೆಲಸವನ್ನು ನಾನು ನೋಡಿಕೊಳ್ಳುತ್ತೇನೆ. ವಕೀಲರ ಹೆಸರಿನಲ್ಲಿ ಬಂದ ಒಂದು ಇಮೇಲ್ ನಂಬಿ ಅವರು 18,500 ರೂಪಾಯಿ ಕಳೆದುಕೊಂಡರು. ಇನ್ನೂ 28,000 ಕಳೆದುಕೊಳ್ಳುವುದರಲ್ಲಿದ್ದರು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರು, ಊರು, ಬ್ರಾಂಡ್ ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಮೋಸದ ಇಮೇಲ್ ಎಂದರೆ ತಪ್ಪು ತಪ್ಪು ಇಂಗ್ಲಿಷು, ಲಾಟರಿ, ಯಾರದೋ ವಿದೇಶದ ಆಸ್ತಿ ಎಂದುಕೊಂಡಿರುವವರೇ ನಮ್ಮಲ್ಲಿ ಹೆಚ್ಚು. ಇವರಿಗೆ ಬಂದ ಪತ್ರದಲ್ಲಿ ಒಂದು ಕಾಗುಣಿತದ ತಪ್ಪೂ ಇರಲಿಲ್ಲ. ಅದರ ಸುಳ್ಳು ಭಾಷೆಯಲ್ಲಿ ಕಾಣುವಂತಿರಲಿಲ್ಲ; ವಕೀಲರೆಂದು ಹೇಳಿಕೊಂಡವರು ನಡೆದುಕೊಂಡ ರೀತಿಯಲ್ಲಿ ಕಾಣುತ್ತಿತ್ತು. ಅದನ್ನು ಗುರುತಿಸಲು ವಕೀಲಿಕೆ ಓದಿರಬೇಕಾಗಿಲ್ಲ, ನಮ್ಮಂಥವರಿಗೂ ಸಾಧ್ಯ ಎಂಬುದನ್ನು ತೋರಿಸುವುದಕ್ಕೇ ಈ ಬರಹ.

ಪತ್ರ ಬಂದ ಸಂಜೆ

ಸಂಕ್ರಾಂತಿಗೆ ಇನ್ನು 12 ದಿನ ಉಳಿದಿತ್ತು. ಎಳ್ಳುಬೆಲ್ಲದ ಕಾಲವಾದ್ದರಿಂದ ಅವರ ಇಡೀ ವರ್ಷದ ವ್ಯಾಪಾರದಲ್ಲಿ ಅತಿ ಬಿರುಸಿನ ವಾರಗಳು ಅವು. ಹೊಸದಾಗಿ ಅಚ್ಚು ಹಾಕಿಸಿದ 10,000 ಪೌಚುಗಳು ಆ ಮಂಗಳವಾರವಷ್ಟೇ ಬಂದು, ಆಲೆಮನೆಯ ಪಕ್ಕದ ಕೋಣೆಯಲ್ಲಿ ಕಟ್ಟು ಕಟ್ಟಾಗಿ ಕೂತಿದ್ದವು. ಶುಕ್ರವಾರ ಸಂಜೆ 6 ಗಂಟೆ ದಾಟಿದ ಮೇಲೆ, ಕೊಪ್ಪರಿಗೆಯಿಂದ ಪಾಕ ಇಳಿಸುವ ಹೊತ್ತಿನಲ್ಲಿ, ಅವರ ಮೊಬೈಲಿಗೆ ಆ ಇಮೇಲ್ ಬಂತು. ವಾರದ ಕೊನೆ, ಕಚೇರಿಗಳೆಲ್ಲ ಮುಚ್ಚಿದ ವೇಳೆ. ಆ ವೇಳೆಯನ್ನು ಬೇಕೆಂದೇ ಆರಿಸಿದ್ದಾರೆಂದು ನನಗೆ ಆಮೇಲೆ ಖಚಿತವಾಯಿತು.

ಪತ್ರದ ತಲೆಬರಹದಲ್ಲಿ ಬೆಂಗಳೂರಿನ ವಕೀಲರ ಸಂಸ್ಥೆಯೊಂದರ ಹೆಸರು, ಅದರ ಎಡಕ್ಕೆ ಅಶೋಕ ಸ್ತಂಭದ ಸಿಂಹಲಾಂಛನ, ಕೆಳಗೆ ನೀಲಿ ಬಣ್ಣದ ದುಂಡು ಮೊಹರು ಇದ್ದವು. ಒಳಗಿನ ಸಾರಾಂಶ ಇಷ್ಟು. ನಮ್ಮ ಕಕ್ಷಿದಾರರೊಬ್ಬರು ನಿಮ್ಮ ಬ್ರಾಂಡ್ ಹೆಸರನ್ನೇ ಟ್ರೇಡ್‌ಮಾರ್ಕ್ ಮಾಡಿಸಿಕೊಳ್ಳಲು ನಮ್ಮ ಬಳಿ ಬಂದಿದ್ದಾರೆ. ಪರಿಶೀಲಿಸುವಾಗ ಆ ಹೆಸರನ್ನು ನೀವು ಈಗಾಗಲೇ ಬಳಸುತ್ತಿರುವುದು ಕಂಡುಬಂದಿದೆ. ಕಾನೂನಿನ ಪ್ರಕಾರ ಮೊದಲ ಅವಕಾಶ ನಿಮಗೆ ಸಲ್ಲುತ್ತದೆ. ನೀವು 24 ಗಂಟೆಯೊಳಗೆ ಶುಲ್ಕ ಕಟ್ಟಿದರೆ ನಿಮ್ಮ ಹೆಸರಿನಲ್ಲೇ ಅರ್ಜಿ ಹಾಕುತ್ತೇವೆ, ಇಲ್ಲವಾದರೆ ನಮ್ಮ ಕಕ್ಷಿದಾರರ ಅರ್ಜಿ ಮುಂದುವರಿಯುತ್ತದೆ, ಆಮೇಲೆ ನೀವು ಮಾರುಕಟ್ಟೆಯಲ್ಲಿರುವ ಸರಕನ್ನೆಲ್ಲ ಹಿಂದಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಜೊತೆಗೆ ಏಳು ಅಂಕಿಯ ಒಂದು ಅರ್ಜಿ ಸಂಖ್ಯೆ, ಅವರದೇ ಹಳೆಯ ಪೊಟ್ಟಣದ ಒಂದು ಫೋಟೊ.

ಆ ಫೋಟೊ ನೋಡಿದ ಮೇಲೆ ತಮಗೆ ಕೈಕಾಲು ಆಡಲಿಲ್ಲವೆಂದು ಅವರು ನನಗೆ ಹೇಳಿದರು. ಅವರ ಕಣ್ಣಮುಂದೆ ಇದ್ದದ್ದು 10,000 ಪೌಚುಗಳು. ಹೆಸರು ಹೋದರೆ ಅವು ಒಲೆಗೆ. ಪತ್ರದಲ್ಲಿದ್ದ ಸಂಖ್ಯೆಗೆ ಫೋನ್ ಮಾಡಿದಾಗ ಒಬ್ಬ ಹೆಣ್ಣುಮಗಳು ಮೃದುವಾಗಿ, ಅವಸರವಿಲ್ಲದೆ ಮಾತಾಡಿ, ‘ಸರ್ ಕೋರ್ಟ್ ಹಾಲ್‌ನಲ್ಲಿದ್ದಾರೆ, ನಾನು ಅವರ ಜೂನಿಯರ್’ ಎಂದರಂತೆ. ಸಂಜೆ ಏಳೂವರೆಗೆ ಯಾವ ಕೋರ್ಟ್ ಹಾಲ್ ಎಂದು ಕೇಳಬೇಕೆಂದು ಆ ಕ್ಷಣದಲ್ಲಿ ಯಾರಿಗೂ ತೋಚುವುದಿಲ್ಲ. ರಾತ್ರಿ 9.40ಕ್ಕೆ 18,500 ರೂಪಾಯಿ ಹೋಯಿತು.

ಶನಿವಾರ ಬೆಳಿಗ್ಗೆ ಎರಡನೆಯ ಇಮೇಲ್ ಬಂತು. ಎದುರು ಪಕ್ಷ ಆಕ್ಷೇಪಣೆ ಹಾಕಿದೆ, ಅದಕ್ಕೆ ಉತ್ತರ ಸಲ್ಲಿಸಲು ಮಧ್ಯಾಹ್ನ 2 ಗಂಟೆಯೊಳಗೆ ಇನ್ನೂ 28,000 ಕಟ್ಟಬೇಕು ಎಂದು ಅದರಲ್ಲಿತ್ತು. ಖಾತೆಯಲ್ಲಿ ಅಷ್ಟು ಇರಲಿಲ್ಲ. ಜಿಎಸ್‌ಟಿಗೆಂದು ತೆಗೆದಿಟ್ಟಿದ್ದ ಹಣವನ್ನು ಬಳಸಬಹುದೇ ಎಂದು ಕೇಳಲು 11 ಗಂಟೆಗೆ ಗುತ್ತಲು ರಸ್ತೆಯ ನನ್ನ ಕಚೇರಿಗೆ ಬಂದರು. ‘ಆಡಿಟ್ರೇ, ವಕೀಲ್ರಿಗೆ ಕಟ್ಬೇಕು, ಹೆಸ್ರು ಹೋಗ್ಬುಡ್ತದೆ’ ಎಂದರು. ಸಂಶಯ ಬಂದು ನನ್ನಲ್ಲಿಗೆ ಬಂದವರಲ್ಲ ಅವರು. ಹಣ ಸಾಲದೆ ಬಂದರು. ಕೈಯಲ್ಲಿ ಹಣವಿದ್ದಿದ್ದರೆ ಅದೂ ಹೋಗಿರುತ್ತಿತ್ತು.

ಕಾನೂನು ಕೊಡುವ ಕಾಲ, ಪತ್ರ ಕೊಟ್ಟ ಕಾಲ

ನಾನು ಮೊದಲು ಓದಿದ್ದು ಗಡುವನ್ನು. ಟ್ರೇಡ್‌ಮಾರ್ಕ್ ವಿಷಯದಲ್ಲಿ ನಾನು ಪರಿಣತನಲ್ಲ, ಆದರೆ ಕಕ್ಷಿದಾರರ ಅರ್ಜಿಗಳನ್ನು ವಕೀಲರ ಮೂಲಕ ಹಾಕಿಸಿದ ಅನುಭವವಿದೆ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಡಿ ಯಾವುದೂ 24 ಗಂಟೆಯಲ್ಲಿ ಮುಗಿಯುವುದಿಲ್ಲ. ಅರ್ಜಿ ಸಲ್ಲಿಕೆಯಾದ ಮೇಲೆ ರಿಜಿಸ್ಟ್ರಿ, ಅಂದರೆ ಟ್ರೇಡ್‌ಮಾರ್ಕ್ ನೋಂದಣಿ ಕಚೇರಿ, ಅದನ್ನು ಪರಿಶೀಲಿಸುತ್ತದೆ. ಆಕ್ಷೇಪವಿದ್ದರೆ ವರದಿ ಕಳಿಸುತ್ತದೆ, ಅದಕ್ಕೆ ಉತ್ತರಿಸಲು ಅರ್ಜಿದಾರರಿಗೆ 30 ದಿನ ಇರುತ್ತದೆ. ಒಪ್ಪಿದ ಮೇಲೆ ಟ್ರೇಡ್ ಮಾರ್ಕ್ಸ್ ಜರ್ನಲ್‌ನಲ್ಲಿ ಪ್ರಕಟಿಸುತ್ತದೆ. ಪ್ರಕಟವಾದ ದಿನದಿಂದ 4 ತಿಂಗಳವರೆಗೆ ಯಾರು ಬೇಕಾದರೂ ವಿರೋಧ ಸಲ್ಲಿಸಬಹುದು. ಅಂದರೆ ನಿಜವಾಗಿಯೂ ಯಾರೋ ಇವರ ಹೆಸರಿಗೆ ಅರ್ಜಿ ಹಾಕಿದ್ದರೂ ಇವರು ಸಂಕ್ರಾಂತಿ ಮುಗಿಸಿಕೊಂಡು, ಯುಗಾದಿಯನ್ನೂ ಮಾಡಿ, ಸಾವಕಾಶವಾಗಿ ವಕೀಲರ ಬಳಿ ಹೋಗಬಹುದಾಗಿತ್ತು. ಇನ್ನೂ ಮುಖ್ಯವಾದದ್ದು ಅದೇ ಕಾಯ್ದೆಯ 34ನೇ ಕಲಂ. ಒಂದು ಹೆಸರನ್ನು ಮೊದಲಿನಿಂದ ಬಿಡದೆ ಬಳಸುತ್ತ ಬಂದವರನ್ನು, ಆಮೇಲೆ ಬಂದು ನೋಂದಣಿ ಮಾಡಿಸಿಕೊಂಡವರು ತಡೆಯುವಂತಿಲ್ಲ. 9 ವರ್ಷದ ಬಿಲ್ಲುಗಳು ನನ್ನ ಕಪಾಟಿನಲ್ಲೇ ಇದ್ದವು. ಅವರ ಹಕ್ಕು ಆ ಬಿಲ್ಲುಗಳಲ್ಲಿ ಕೂತಿರುವಾಗ ಹೆದರಿಕೆ ಮಾತ್ರ ಇಮೇಲ್‌ನಲ್ಲಿ ಬಂದಿತ್ತು.

ಪತ್ರ ಹೇಳಿದ ‘ಮೊದಲ ಅವಕಾಶ’ ಎಂಬ ಕ್ರಮ ಕಾಯ್ದೆಯಲ್ಲಿ ಎಲ್ಲಿಯೂ ಇಲ್ಲ. ಇನ್ನೊಬ್ಬರು ಅರ್ಜಿ ಹಾಕುವ ಮುನ್ನ ಹೆಸರು ಬಳಸುತ್ತಿರುವವರನ್ನು ಕೇಳಬೇಕೆಂಬ ನಿಯಮವಿಲ್ಲ. ಎರಡನೆಯ ಇಮೇಲ್ ಹೇಳಿದ ‘ರಾತ್ರೋರಾತ್ರಿ ಬಂದ ಆಕ್ಷೇಪಣೆ’ಯಂತೂ ಅಸಾಧ್ಯವೇ, ಏಕೆಂದರೆ ಪ್ರಕಟಣೆಯಾಗದೆ ವಿರೋಧ ಸಲ್ಲಿಸುವ ಹಂತವೇ ಬರುವುದಿಲ್ಲ.

ಶುಲ್ಕದ ಲೆಕ್ಕವೂ ಹೊಂದುತ್ತಿರಲಿಲ್ಲ. ಆನ್‌ಲೈನ್ ಅರ್ಜಿಗೆ ಸರಕಿನ ಒಂದು ವರ್ಗಕ್ಕೆ ವ್ಯಕ್ತಿಗಳಿಗೂ ಸಣ್ಣ ಉದ್ಯಮಗಳಿಗೂ 4,500, ಉಳಿದವರಿಗೆ 9,000 ರೂಪಾಯಿ ಸರ್ಕಾರಿ ಶುಲ್ಕ. ಬೆಲ್ಲ, ಸಕ್ಕರೆ, ಜೇನು ಸೇರುವುದು 30ನೇ ವರ್ಗಕ್ಕೆ. ಒಂದೇ ವರ್ಗ ಸಾಕು. ಇವರ ಬಳಿ ಸಣ್ಣ ಉದ್ಯಮವೆಂದು ತೋರಿಸುವ ಉದ್ಯಮ್ ಪ್ರಮಾಣಪತ್ರ ಇದೆ, ಆದ್ದರಿಂದ 4,500 ಸಾಕಾಗಿತ್ತು. ಪತ್ರದಲ್ಲಿ ಸರ್ಕಾರಿ ಶುಲ್ಕವೆಂದು 12,000, ವಕೀಲರ ಶುಲ್ಕವೆಂದು 6,500 ಎಂದು ಬರೆದಿತ್ತು.

ತನ್ನ ಕಕ್ಷಿದಾರನನ್ನೇ ಬಿಟ್ಟುಕೊಡುವ ವಕೀಲ

ಇಡೀ ಪತ್ರದಲ್ಲಿ ನನಗೆ ಅತಿ ದೊಡ್ಡ ಸುಳ್ಳಾಗಿ ಕಂಡದ್ದು ಅದರ ಮೊದಲ ಸಾಲು. ನಮ್ಮ ಕಕ್ಷಿದಾರರು ಹೀಗೆ ಮಾಡಲು ಹೊರಟಿದ್ದಾರೆ, ನೀವು ಹಣ ಕೊಟ್ಟರೆ ಅವರ ಬದಲು ನಿಮಗೆ ಮಾಡಿಕೊಡುತ್ತೇವೆ ಎಂದರೆ, ಒಬ್ಬ ವಕೀಲ ತನ್ನನ್ನು ನಂಬಿ ಬಂದವರ ಗುಟ್ಟನ್ನು ಎದುರಾಳಿಗೆ ಹೇಳಿ, ಎದುರಾಳಿಯ ಕೆಲಸವನ್ನೇ ಹಿಡಿಯುತ್ತಿದ್ದಾನೆ ಎಂದರ್ಥ. ಕಕ್ಷಿದಾರರು ವಕೀಲರಿಗೆ ಹೇಳಿದ್ದನ್ನು ಅವರ ಒಪ್ಪಿಗೆಯಿಲ್ಲದೆ ಹೊರಗೆಡವಬಾರದೆಂಬುದು ಹಿಂದಿನ ಸಾಕ್ಷ್ಯ ಕಾಯ್ದೆಯಲ್ಲಿತ್ತು, 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮಿನಲ್ಲೂ ಇದೆ. ಅಲ್ಲದೆ ವಕೀಲರು ತಾವಾಗಿಯೇ ಜನರ ಬಳಿ ಹೋಗಿ ಕೆಲಸ ಕೇಳುವಂತಿಲ್ಲ, ಜಾಹೀರಾತು ಕೊಡುವಂತಿಲ್ಲ ಎಂದು ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮ ಹೇಳುತ್ತದೆ. ಮಂಡ್ಯದ ನ್ಯಾಯಾಲಯದ ಆವರಣದಲ್ಲಿ ಜೀವಮಾನ ಕಳೆದ ಯಾವ ವಕೀಲರನ್ನು ಕೇಳಿದರೂ, ಎದುರು ಪಕ್ಷದವರಿಗೆ ‘ನಾನೇ ನಿಮ್ಮದನ್ನೂ ನೋಡಿಕೊಳ್ಳುತ್ತೇನೆ’ ಎಂದು ಬರೆಯುವುದು ಸನ್ನದಿಗೇ ಕುತ್ತು ಎನ್ನುತ್ತಾರೆ. ನಿಜವಾದ ನೋಟಿಸು ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧವಾಗಿರುತ್ತದೆ. ಅದು ನಿಮ್ಮ ಮೇಲೆ ಕೋಪಿಸಿಕೊಂಡಿರುತ್ತದೆ, ತನ್ನ ಕಕ್ಷಿದಾರರ ಪರವಾಗಿ ಮಾತ್ರ ಮಾತಾಡುತ್ತದೆ, ಉತ್ತರಕ್ಕೆ ದಿನಗಳನ್ನು ಕೊಡುತ್ತದೆ, ನಿಮ್ಮ ವಕೀಲರ ಮೂಲಕ ಉತ್ತರಿಸುವುದಕ್ಕೆ ಅಡ್ಡಿ ಮಾಡುವುದಿಲ್ಲ. ಈ ಪತ್ರ ಪ್ರೀತಿಯಿಂದ ಬರೆದಿತ್ತು, ಮತ್ತು ಕೊನೆಯಲ್ಲಿ ‘ಗೋಪ್ಯತೆಯ ದೃಷ್ಟಿಯಿಂದ ಇದನ್ನು ಬೇರೆಯವರೊಂದಿಗೆ ಚರ್ಚಿಸಬೇಡಿ’ ಎಂದಿತ್ತು. ಬೇರೆಯವರನ್ನು ಕೇಳಬೇಡಿ ಎನ್ನುವ ಪತ್ರ ಕೈಗೆ ಬಂದರೆ, ಮಿಕ್ಕಿದ್ದು ಏನೇ ಇರಲಿ, ಮೊದಲು ಬೇರೆಯವರನ್ನೇ ಕೇಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ತಲೆಬರಹದ ಸಿಂಹಲಾಂಛನವೂ ಅಷ್ಟೆ. 2005ರ ರಾಷ್ಟ್ರಲಾಂಛನ ದುರ್ಬಳಕೆ ತಡೆ ಕಾಯ್ದೆಯ ಪ್ರಕಾರ ಖಾಸಗಿ ವಕೀಲರು ಅದನ್ನು ತಮ್ಮ ಪತ್ರದ ಮೇಲೆ ಹಾಕುವಂತಿಲ್ಲ. ನಮ್ಮವರ ಕಣ್ಣಿಗೆ ಅದು ‘ಕೋರ್ಟಿನ ಕಾಗದ’ ಎನಿಸಿದ್ದೇ ಆ ಲಾಂಛನದಿಂದ.

ಹೆಸರು ನಿಜ, ವಿಳಾಸ ಸುಳ್ಳು

ಅರ್ಜಿ ಸಂಖ್ಯೆಯನ್ನು ಪರೀಕ್ಷಿಸುವುದು ಎಲ್ಲಕ್ಕಿಂತ ಸುಲಭವಾಗಿತ್ತು. ಬೌದ್ಧಿಕ ಆಸ್ತಿ ಇಲಾಖೆಯ ಐಪಿ ಇಂಡಿಯಾ ಜಾಲತಾಣದಲ್ಲಿ ಯಾವ ಅರ್ಜಿಯ ಸ್ಥಿತಿಯನ್ನಾದರೂ ಹಣ ಕೊಡದೆ ಯಾರು ಬೇಕಾದರೂ ನೋಡಬಹುದು. ಪತ್ರದ ಏಳು ಅಂಕಿಗಳನ್ನು ಹಾಕಿದಾಗ ಬಂದದ್ದು ಬೇರೊಂದು ರಾಜ್ಯದ ಪಂಪ್‌ಸೆಟ್ ತಯಾರಕರ ಅರ್ಜಿ. ಅರ್ಜಿ ನಿಜ, ಆದರೆ ಬೆಲ್ಲಕ್ಕೂ ಅದಕ್ಕೂ ಸಂಬಂಧವಿಲ್ಲ. ವ್ಯಾಪಾರಿ ಸುಮ್ಮನೆ ಪರದೆಯನ್ನೇ ನೋಡುತ್ತ ಕೂತರು. ಇಷ್ಟು ನೋಡಲು 5 ನಿಮಿಷವೂ ಹಿಡಿಯಲಿಲ್ಲ.

ವಕೀಲರ ಹೆಸರಿನದೇ ತೊಡಕಾಗಿತ್ತು. ಶುಕ್ರವಾರ ರಾತ್ರಿ ವ್ಯಾಪಾರಿಯ ಮಗ ಆ ಹೆಸರನ್ನು ಗೂಗಲ್‌ನಲ್ಲಿ ಹುಡುಕಿದ್ದ. ಆ ಹೆಸರಿನ ವಕೀಲರು ಇದ್ದರು, ಸಂಸ್ಥೆ ಇತ್ತು, ಬೆಂಗಳೂರಿನ ವಿಳಾಸ ಸರಿಯಿತ್ತು, ಸನ್ನದಿನ ಸಂಖ್ಯೆ ಕೂಡ ಕರ್ನಾಟಕದ ವಕೀಲರಿಗೆ ಇರುವಂತೆ ಕೆಎಆರ್ ಎಂದೇ ಆರಂಭವಾಗುತ್ತಿತ್ತು. ‘ಇದ್ದಾರಲ್ಲಪ್ಪಾ’ ಎಂದು ಹುಡುಗ ಹೇಳಿದ್ದರಿಂದಲೇ ತಂದೆ ಹಣ ಕಳಿಸಿದ್ದು. ಹುಡುಗನನ್ನು ಯಾರೂ ಬೈಯಬಾರದು. ಅವನು ಮಾಡಿದ್ದು ಸರಿಯಾದ ಕೆಲಸದ ಅರ್ಧ. ವಕೀಲರು ಇದ್ದಾರೆಯೇ ಎಂದು ನೋಡಿದ, ಈ ಪತ್ರ ಬರೆದವರು ಅವರೇನಾ ಎಂದು ನೋಡಲಿಲ್ಲ. ಉಳಿದರ್ಧವನ್ನು ನಾವು ಶನಿವಾರ ಮಾಡಿದೆವು. ಪತ್ರದಲ್ಲಿದ್ದ ಸಂಖ್ಯೆಯನ್ನು ಬದಿಗಿಟ್ಟು, ಆ ಸಂಸ್ಥೆಯ ಸ್ವಂತ ಜಾಲತಾಣದಲ್ಲಿದ್ದ ಸ್ಥಿರ ದೂರವಾಣಿಗೆ ಕರೆ ಮಾಡಿದೆವು. ಫೋನೆತ್ತಿದ ಗುಮಾಸ್ತರು ಬೆಲ್ಲ ಎನ್ನುವಷ್ಟರಲ್ಲೇ ಮಾತು ಹಿಡಿದು, ‘ಸಾರ್, ದುಡ್ಡು ಕೊಟ್ಟಿದ್ದೀರಾ? ಈ ತಿಂಗಳಲ್ಲಿ ನಿಮ್ಮದು ಮೂರನೇ ಫೋನು’ ಎಂದರು. ಅವರ ವಕೀಲರು ತಮ್ಮ ಹೆಸರು ಬಳಸಿದವರ ವಿರುದ್ಧ ಆಗಲೇ ದೂರು ಕೊಟ್ಟಿದ್ದರು.

ಇಮೇಲ್ ವಿಳಾಸವನ್ನು ಆಗ ಹತ್ತಿರದಿಂದ ನೋಡಿದೆವು. ಮೊಬೈಲಿನಲ್ಲಿ ಕಳಿಸಿದವರ ಹೆಸರಷ್ಟೇ ಕಾಣುತ್ತದೆ. ಅದರ ಮೇಲೆ ಒತ್ತಿದರೆ ಪೂರ್ತಿ ವಿಳಾಸ ಬಿಚ್ಚಿಕೊಳ್ಳುತ್ತದೆ. ನಿಜವಾದ ಸಂಸ್ಥೆಯ ಡೊಮೇನ್‌ಗೂ (ಇಮೇಲ್ ವಿಳಾಸದಲ್ಲಿ @ ಚಿಹ್ನೆಯ ನಂತರ ಬರುವ ಭಾಗ) ಇದಕ್ಕೂ ಇದ್ದ ವ್ಯತ್ಯಾಸ ನಡುವೆ ಒಂದು ಸಣ್ಣ ಅಡ್ಡಗೆರೆ, ಕೊನೆಯಲ್ಲಿ ‘ಲೀಗಲ್’ ಎಂಬ ಪದ. ಉತ್ತರ ಕಳಿಸಲು ಒತ್ತಿದರೆ ಅದು ಇನ್ನೊಂದು ಉಚಿತ ಇಮೇಲ್ ಖಾತೆಗೆ ಹೋಗುತ್ತಿತ್ತು. ಡೊಮೇನ್ ಯಾವಾಗ ನೋಂದಣಿಯಾಯಿತು ಎಂಬುದನ್ನು ಹೂಈಸ್ (WHOIS) ಎಂಬ ಸಾರ್ವಜನಿಕ ಹುಡುಕಾಟದಲ್ಲಿ ನೋಡಬಹುದು. ಇದಕ್ಕೆ 19 ದಿನವಾಗಿತ್ತು. ಸಂಸ್ಥೆಗೆ 20 ವರ್ಷಕ್ಕೂ ಹೆಚ್ಚಿನ ಅನುಭವವಿದೆಯೆಂದು ಪತ್ರ ಹೇಳುತ್ತಿತ್ತು. ಕಂಪ್ಯೂಟರ್ ಬಲ್ಲವರೂ ಇಲ್ಲಿ ಎಡವುವುದುಂಟು. ಜಿಮೇಲ್‌ನಲ್ಲಿ ಇಮೇಲ್‌ನ ಮೂಲರೂಪ ತೆರೆದು, ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ತಾಂತ್ರಿಕ ಪರೀಕ್ಷೆಗಳೂ ‘ಪಾಸ್’ ಆಗಿವೆ ಎಂದು ಕಂಡರೆ ಪತ್ರ ಸಾಚಾ ಎಂದುಕೊಳ್ಳುತ್ತಾರೆ. ಇದರಲ್ಲಿ ಮೂರೂ ಪಾಸ್ ಆಗಿದ್ದವು. ಈ ಪರೀಕ್ಷೆಗಳು ಹೇಳುವುದು ಇಮೇಲ್ ಆ ಡೊಮೇನ್‌ನಿಂದಲೇ ಬಂದಿದೆ ಎಂದಷ್ಟೆ. ಆ ಡೊಮೇನ್ ಯಾರದೆಂದು ಅವು ಹೇಳುವುದಿಲ್ಲ. ಮೋಸಗಾರ ತಾನೇ ಕೊಂಡ ಡೊಮೇನ್‌ನಿಂದ ಬರೆದರೆ ಅವನೂ ಪಾಸಾಗುತ್ತಾನೆ. ‘ಫೇಲ್’ ಎಂದು ಬಂದರೆ ಎಚ್ಚರಗೊಳ್ಳಬೇಕು, ‘ಪಾಸ್’ ಎಂದು ಬಂದರೆ ಹುಡುಕಾಟ ನಿಲ್ಲಿಸಬಾರದು.

ತಮ್ಮ ಇಮೇಲ್ ವಿಳಾಸ ಮೋಸಗಾರರಿಗೆ ಸಿಕ್ಕಿದ್ದು ಹೇಗೆ ಎಂದು ವ್ಯಾಪಾರಿ ಪದೇ ಪದೇ ಕೇಳಿದರು. ಪೌಚ್ ಒಂದನ್ನು ತರಿಸಿ ಅದರ ಬೆನ್ನು ತೋರಿಸಿದೆ. ಗ್ರಾಹಕರ ದೂರಿಗೆಂದು ಫೋನ್ ಸಂಖ್ಯೆ, ಇಮೇಲ್ ವಿಳಾಸ ಹಾಕಬೇಕೆಂದು 2011ರ ಪೊಟ್ಟಣ ಸರಕುಗಳ ನಿಯಮಗಳು ಹೇಳುವುದರಿಂದ ಎರಡೂ ಅಲ್ಲಿದ್ದವು. ಅದರ ಪಕ್ಕದಲ್ಲೇ ಜಿಎಸ್‌ಟಿ ಸಂಖ್ಯೆ; ಅದನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ಮಾಲೀಕರ ಹೆಸರು, ವ್ಯಾಪಾರದ ಸ್ಥಳ ಬರುತ್ತದೆ. ಅವರ ಬ್ರಾಂಡ್ ನೋಂದಣಿಯಾಗಿಲ್ಲ ಎಂಬುದು ಐಪಿ ಇಂಡಿಯಾದಲ್ಲಿ ಒಂದು ಹುಡುಕಾಟಕ್ಕೆ ತಿಳಿಯುತ್ತದೆ. ಯಾರ ಮನೆಯ ಬೀಗವನ್ನೂ ಒಡೆಯದೆ, ಬಹಿರಂಗವಾಗಿ ಇರುವುದನ್ನಷ್ಟೇ ಆರಿಸಿ ಜೋಡಿಸಿದರೂ ಪತ್ರ ಇಷ್ಟು ನಂಬುವಂತಾಗುತ್ತದೆ.

ಹಣ ಹೋದ ಖಾತೆ

ಇಷ್ಟೆಲ್ಲ ಹುಡುಕುವ ಮೊದಲೇ ಮಾಡಬೇಕಾಗಿದ್ದ ಒಂದು ಕೆಲಸವನ್ನು ನಾನು ತಡವಾಗಿ ಮಾಡಿದೆ, ಅದು ನನ್ನದೇ ತಪ್ಪು. ಪತ್ರ ಸುಳ್ಳೆಂದು ಗಡುವು ನೋಡಿದಾಗಲೇ ಗೊತ್ತಾಗಿತ್ತು. ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕಿತ್ತು. ಪುರಾವೆ ಒಟ್ಟು ಮಾಡುತ್ತ ಸುಮಾರು 40 ನಿಮಿಷ ಕಳೆದೆ. ಈ ಸಹಾಯವಾಣಿಗೆ ಬಂದ ದೂರು ಬ್ಯಾಂಕುಗಳಿಗೆ ತಲುಪಿ, ಹಣ ಹೋದ ಖಾತೆಯಲ್ಲಿ ಇನ್ನೂ ಏನಾದರೂ ಉಳಿದಿದ್ದರೆ ಅದನ್ನು ತಡೆಹಿಡಿಯುತ್ತಾರೆ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹರಿಯುತ್ತಲೇ ಇರುವುದರಿಂದ ಇಲ್ಲಿ ನಿಮಿಷಕ್ಕೂ ಬೆಲೆಯಿದೆ. ಕರೆಗೆ ಬೇಕಾದದ್ದು ಬ್ಯಾಂಕಿನ ವಹಿವಾಟಿನ ಸಂಖ್ಯೆ, ಮೊತ್ತ, ದಿನಾಂಕ, ವೇಳೆ. ಪುರಾವೆಯ ಕಡತವನ್ನು ಆಮೇಲೆ ಮಾಡಿಕೊಳ್ಳಬಹುದು. 18,500ರಲ್ಲಿ 6,200 ರೂಪಾಯಿ ಮೊದಲ ಖಾತೆಯಲ್ಲೇ ಸಿಕ್ಕಿಬಿತ್ತು. ಉಳಿದ 12,300 ಆಗಲೇ ಹೋಗಿಯಾಗಿತ್ತು.

ಆ ಖಾತೆಯ ಹೆಸರು ‘ಟ್ರೇಡರ್ಸ್’ ಎಂದು ಕೊನೆಗೊಳ್ಳುವ ಯಾವುದೋ ಅಂಗಡಿಯದು. ಹಣ ಕಳಿಸುವಾಗ ಅದು ಪರದೆಯ ಮೇಲೆ ಕಂಡಿತ್ತು. ಯುಪಿಐಯಲ್ಲಿ ಪಡೆಯುವವರ ಹೆಸರು ಮೊದಲಿನಿಂದಲೂ ಕಾಣುತ್ತದೆ. ನೆಫ್ಟ್ ಮತ್ತು ಆರ್‌ಟಿಜಿಎಸ್‌ನಲ್ಲೂ ಖಾತೆದಾರರ ಹೆಸರನ್ನು ಹಣ ಹೋಗುವ ಮುನ್ನವೇ ತೋರಿಸುವ ವ್ಯವಸ್ಥೆಯನ್ನು 2025ರ ಏಪ್ರಿಲ್ 1ರೊಳಗೆ ಮಾಡಬೇಕೆಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸೂಚಿಸಿತ್ತು. ವ್ಯಾಪಾರಿ ಆ ಹೆಸರನ್ನು ನೋಡಿ, ಫೋನಿನಲ್ಲಿ ಕೇಳಿಯೂ ಇದ್ದರು. ‘ಅದು ನಮ್ಮ ಸರ್ಕಾರಿ ಶುಲ್ಕ ಕಟ್ಟುವ ಏಜೆನ್ಸಿ’ ಎಂಬ ಉತ್ತರ ಸಿದ್ಧವಾಗಿತ್ತು. ಸರ್ಕಾರಿ ಶುಲ್ಕ ಇಲಾಖೆಯ ಪೋರ್ಟಲ್‌ನಲ್ಲೇ ಕಟ್ಟುವಂಥದು; ಅದಕ್ಕೆ ಅಂಗಡಿಯ ಖಾತೆ ಬೇಕಾಗುವುದಿಲ್ಲ.

ಅಂದು ಮಧ್ಯಾಹ್ನವೇ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ಸೋಮವಾರ ಸೈಬರ್ ಅಪರಾಧಗಳನ್ನು ನೋಡುವ ಜಿಲ್ಲೆಯ ಸೆನ್ (ಸಿಇಎನ್) ಪೊಲೀಸ್ ಠಾಣೆಗೆ ಹೋದೆವು. ಕಂಪ್ಯೂಟರ್ ಮೂಲಕ ಬೇರೆಯವರಂತೆ ನಟಿಸಿ ವಂಚಿಸುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಡಿ 3 ವರ್ಷದವರೆಗೆ ಶಿಕ್ಷೆಯಿದೆ. ಭಾರತೀಯ ನ್ಯಾಯ ಸಂಹಿತೆಯಲ್ಲಿ 318 ವಂಚನೆಗೆ, 319 ವೇಷ ಮರೆಸಿದ ವಂಚನೆಗೆ. ಇಮೇಲ್‌ಗಳನ್ನು ಅಳಿಸಿರಲಿಲ್ಲವಾದ್ದರಿಂದ ಮೂಲರೂಪದಲ್ಲೇ ಕೊಡಲು ಸಾಧ್ಯವಾಯಿತು. ಸಿಟ್ಟಿನಲ್ಲಿ ಅಳಿಸಿಬಿಡುವವರೇ ಹೆಚ್ಚು, ಸ್ಕ್ರೀನ್‌ಶಾಟ್ ಅದಕ್ಕೆ ಸಮವಲ್ಲ.

ನಿಜವಾದ ನೋಟಿಸಿನ ವಿಷಯ

ಇದಾದ ತಿಂಗಳೊಳಗೆ ಅದೇ ವ್ಯಾಪಾರಿ ಇನ್ನೊಂದು ಲಕೋಟೆಯನ್ನು ತೆರೆಯದೆಯೇ ನನ್ನ ಮೇಜಿನ ಮೇಲಿಟ್ಟು, ‘ಇದೂ ಅದೇ ಗ್ಯಾಂಗು’ ಎಂದರು. ಅದು ಮೈಸೂರಿನ ವಕೀಲರೊಬ್ಬರು ಅಂಚೆಯಲ್ಲಿ ಕಳಿಸಿದ ಸಾಚಾ ನೋಟಿಸು. ಇವರು ಒಬ್ಬ ಪೂರೈಕೆದಾರರಿಗೆ ಕೊಟ್ಟಿದ್ದ ಚೆಕ್ ಹಣವಿಲ್ಲದೆ ವಾಪಸಾಗಿತ್ತು. ಚೆಕ್ ಬೌನ್ಸ್ ಪ್ರಕರಣದಲ್ಲಿ ನೋಟಿಸು ಕೈಸೇರಿದ 15 ದಿನದೊಳಗೆ ಹಣ ಕೊಡದಿದ್ದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಡಿ ಖಟ್ಲೆ ಹೂಡಬಹುದು. ಅಂದಿಗೆ 9 ದಿನ ಕಳೆದಿತ್ತು. ಒಮ್ಮೆ ಮೋಸಹೋದವರು ಎಲ್ಲವನ್ನೂ ಮೋಸವೆಂದು ಎತ್ತಿಡುವುದು ನನಗೆ ಮೊದಲಿನ ಮೋಸದಷ್ಟೇ ಆತಂಕ ತರುತ್ತದೆ. ಇಮೇಲ್‌ನಲ್ಲಿ ಬಂತೆಂಬ ಕಾರಣಕ್ಕೇ ನೋಟಿಸು ಸುಳ್ಳಾಗುವುದಿಲ್ಲ. ಎಷ್ಟೋ ವಕೀಲರು ಅಂಚೆಯ ಜೊತೆ ಇಮೇಲ್ ಕೂಡ ಕಳಿಸುತ್ತಾರೆ. ಈ ನೋಟಿಸಿನಲ್ಲಿ ಚೆಕ್ಕಿನ ಸಂಖ್ಯೆ, ಚೆಕ್ ವಾಪಸಾದದ್ದಕ್ಕೆ ಬ್ಯಾಂಕ್ ಕೊಟ್ಟ ಚೀಟಿಯ ದಿನಾಂಕ, ಬಾಕಿಯ ಬಿಲ್ಲು, ಕಕ್ಷಿದಾರರ ಹೆಸರು ಎಲ್ಲ ಇತ್ತು, ಮತ್ತು ಅವೆಲ್ಲ ನಮ್ಮ ಲೆಕ್ಕಕ್ಕೆ ತಾಳೆಯಾದವು. ಹಿಂದಿನ ಇಮೇಲ್‌ನಲ್ಲಿ ಆ ‘ಕಕ್ಷಿದಾರ’ ಯಾರೆಂಬುದೇ ಇರಲಿಲ್ಲ. ಹಣವನ್ನು 4 ದಿನದಲ್ಲಿ ಕಟ್ಟಿಸಿದೆ.

ಟ್ರೇಡ್‌ಮಾರ್ಕ್ ಅರ್ಜಿಯನ್ನು ಈಗ ಪರಿಚಯದ ವಕೀಲರೊಬ್ಬರ ಮೂಲಕ 30ನೇ ವರ್ಗದಲ್ಲಿ, 4,500 ರೂಪಾಯಿ ಶುಲ್ಕ ಕಟ್ಟಿ, ಕರ್ನಾಟಕದ ಅರ್ಜಿಗಳನ್ನು ನೋಡುವ ಚೆನ್ನೈ ರಿಜಿಸ್ಟ್ರಿಗೆ ಸಲ್ಲಿಸಿದ್ದೇವೆ. 9 ವರ್ಷದ ಬಳಕೆಗೆ ಪ್ರಮಾಣಪತ್ರ (ಅಫಿಡವಿಟ್), ಮೊದಲ ವರ್ಷದ ಬಿಲ್ಲುಗಳು, ಹಳೆಯ ಪೊಟ್ಟಣ ಲಗತ್ತಾಗಿವೆ. ಅರ್ಜಿದಾರರ ವಿವರ ಸಾರ್ವಜನಿಕವಾಗಿ ಕಾಣುವುದರಿಂದ, ಸಲ್ಲಿಸಿದ ಮೂರನೇ ವಾರದಲ್ಲೇ ‘ನಿಮ್ಮ ಅರ್ಜಿಗೆ ಆಕ್ಷೇಪಣೆ ಬಂದಿದೆ, ಇಂದೇ 22,000 ಕಟ್ಟಿ’ ಎಂದು ಬೇರೊಬ್ಬ ‘ವಕೀಲರ’ ಇಮೇಲ್ ಬಂತು. ಈ ಬಾರಿ ವ್ಯಾಪಾರಿಯ ಮಗ ತಾನೇ ಅರ್ಜಿ ಸಂಖ್ಯೆ ಹಾಕಿ ನೋಡಿ, ಅರ್ಜಿ ಇನ್ನೂ ಪರಿಶೀಲನೆಗೇ ಬಂದಿಲ್ಲವೆಂದು ತಿಳಿದುಕೊಂಡು, ನಮ್ಮ ವಕೀಲರಿಗೆ ಫೋನ್ ಮಾಡಿ ಕೇಳಿ, ಆಮೇಲೆ ನನಗೆ ತಿಳಿಸಿದ. ಸಂಕ್ರಾಂತಿಗೆ ತಂದ 10,000 ಪೌಚುಗಳಲ್ಲಿ ಕೊನೆಯ ಕಟ್ಟು ಯುಗಾದಿಗೆ ಮುಂಚೆಯೇ ಖಾಲಿಯಾಯಿತು. ತಡೆಹಿಡಿದ 6,200 ರೂಪಾಯಿ ನ್ಯಾಯಾಲಯದ ಆದೇಶಕ್ಕಾಗಿ ಇನ್ನೂ ಕಾಯುತ್ತಿದೆ.